ಲೋಟದ ಆಚೆಯ ಕಾಫಿ: ಚಿಕ್ಕಮಗಳೂರಿನ ಪುಟ್ಟ ಅಂಗಡಿಗೆ ಎರಡನೇ ಆದಾಯ ಹುಡುಕಿದ್ದು

ಇಪ್ಪತ್ತು ರೂಪಾಯಿಯ ಒಂದು ಲೋಟ ಫಿಲ್ಟರ್ ಕಾಫಿಗೆ ಖರ್ಚೆಷ್ಟು ಎಂದು ಬರೆದುಕೊಳ್ಳುವುದರಿಂದಲೇ ನಾವು ಶುರು ಮಾಡಿದ್ದು. ಹಾಲು 70 ಮಿಲಿ, ಲೀಟರಿಗೆ 50 ರೂ. ಲೆಕ್ಕದಲ್ಲಿ ಮೂರೂವರೆ ರೂಪಾಯಿ. ಪುಡಿ 5 ಗ್ರಾಂ, ಕೆಜಿಗೆ 650 ಎಂದರೆ ಮೂರೂಕಾಲು. ಸಕ್ಕರೆ, ಗ್ಯಾಸು, ನೀರು, ಲೋಟ ತೊಳೆಯುವ ಸೋಪು ಎಲ್ಲ ಸೇರಿ ಒಂದೂವರೆ. ಒಟ್ಟು ಎಂಟೂಕಾಲು. ಉಳಿದ ಹನ್ನೊಂದೂಮುಕ್ಕಾಲು ರೂಪಾಯಿಯಲ್ಲಿ ಬಾಡಿಗೆ, ಸಂಬಳ, ಕರೆಂಟ್ ಬಿಲ್ ಎಲ್ಲವೂ ಹೊರಡಬೇಕು.

ಈ ಲೆಕ್ಕದಲ್ಲಿ ಹಿಂಡಲು ಎಲ್ಲಿಯೂ ಜಾಗವಿಲ್ಲ. ಪುಡಿಯನ್ನು 4 ಗ್ರಾಂಗೆ ಇಳಿಸಿದರೆ ಚಿಕ್ಕಮಗಳೂರಿನಲ್ಲಿ ಮಾರನೇ ದಿನವೇ ಗೊತ್ತಾಗುತ್ತದೆ. ತೋಟದ ಬೀಜವನ್ನೇ ಹುರಿಸಿ ಮನೆಯಲ್ಲಿ ಕುಡಿಯುವವರು ಇಲ್ಲಿನ ಗಿರಾಕಿಗಳು. ಇನ್ನು ಲೋಟಗಳ ಸಂಖ್ಯೆ ಹೆಚ್ಚಿಸೋಣವೆಂದರೆ, ಜನ ಬರುವುದು ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಆರೂವರೆ. ಆ ಹೊತ್ತಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಮಧ್ಯಾಹ್ನ ಅದೇ ಅಂಗಡಿ, ಅದೇ ಬಾಡಿಗೆ, ಕೈಕಟ್ಟಿ ಕೂತ ಕೆಲಸದವರು.

ಹಾಗಾಗಿ ಯಾವ ಹೊಸ ಐಡಿಯಾ ಬಂದರೂ ಅದಕ್ಕೆ ಎರಡು ಪ್ರಶ್ನೆ ಹಾಕಿದೆವು: ಅಂಗಡಿಯಲ್ಲಿ ಈಗಾಗಲೇ ಇರುವ ಸರಕಿನಿಂದಲೇ ಆಗುತ್ತದೆಯೇ? ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಮಾಡಬಹುದೇ? ಮೊದಲು ಹೊರಬಿದ್ದದ್ದು ಬಜ್ಜಿ-ಬೋಂಡ. ಗಿರಾಕಿ ಕೇಳುತ್ತಾರೆ, ನಿಜ. ಆದರೆ ಅದು ಬೇಕಾಗುವುದು ಕಾಫಿಯ ರಶ್ಶಿನ ಹೊತ್ತಿಗೇ, ಅದಕ್ಕೆ ಇನ್ನೊಬ್ಬ ಭಟ್ಟರು, ಇನ್ನೊಂದು 19 ಕೆಜಿ ಸಿಲಿಂಡರ್ ಬೇಕು. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು) 25% ದಾಟಿದರೆ ಮತ್ತೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದಲೂ ಇದೆ; ಅಂದರೆ ಎಣ್ಣೆ ಚೆಲ್ಲುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ವಾಸನೆ. ಹುರಿದ ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಎಣ್ಣೆ ಬಾಣಲೆಯೂ ಕಾಫಿಪುಡಿಯ ಡಬ್ಬಿಯೂ ಇದ್ದರೆ ವಾರದೊಳಗೆ ಪುಡಿಯಲ್ಲಿ ಈರುಳ್ಳಿ ಬಜ್ಜಿಯ ಘಮ. ನಿಪ್ಪಟ್ಟು, ಕೋಡುಬಳೆಯನ್ನು ಹೊರಗಿನಿಂದ ತಂದು ಭರಣಿಯಲ್ಲಿಟ್ಟು ಮಾರುವುದೇ ವಾಸಿ.

ಎರಡೂ ಪ್ರಶ್ನೆಗೆ ಸರಿಯಾಗಿ ಕೂತದ್ದು ಪುಡಿ ಮಾರಾಟ. ಎಂ.ಜಿ. ರಸ್ತೆಯಲ್ಲಿ ಹೆಸರು ಮಾಡಿದ ಕಾಫಿಪುಡಿ ಅಂಗಡಿಗಳಿರುವ ಊರಿನಲ್ಲಿ ಇದು ಹುಚ್ಚು ಎನಿಸಬಹುದು. ಆದರೆ ನಮ್ಮಲ್ಲಿ ಪುಡಿ ಕೇಳುವವರು ಬೇರೆಯೇ ಜನ. ಈಗಷ್ಟೇ ಲೋಟ ಕೆಳಗಿಟ್ಟವರು ‘ಇದೇ ಪುಡಿ ಸಿಗುತ್ತಾ?’ ಎನ್ನುತ್ತಾರೆ. ಮುಳ್ಳಯ್ಯನಗಿರಿ, ದತ್ತಪೀಠ ಮುಗಿಸಿ ಬೆಂಗಳೂರಿಗೆ ಹೊರಟವರು ಗಾಡಿ ನಿಲ್ಲಿಸಿ ಕೇಳುವುದೂ ಇದನ್ನೇ. ಅವರಿಗೆ ಬೇಕಾದದ್ದು ತಾವು ಕುಡಿದ ರುಚಿ. ಆದ್ದರಿಂದ ಅಂಗಡಿಯಲ್ಲಿ ಬಳಸುವ ಬ್ಲೆಂಡನ್ನೇ ಮಾರಬೇಕು, ಬೇರೆಯದನ್ನಲ್ಲ.

ಹುರಿಯುವ ಮೆಷಿನ್ ಕೊಳ್ಳುವ ಮಾತನ್ನು ಮೊದಲ ವರ್ಷ ತೆಗೆಯಬಾರದು. ಊರಿನಲ್ಲಿ ಕೂಲಿಗೆ ಹುರಿದು ಪುಡಿ ಮಾಡಿಕೊಡುವ ಕಾಫಿ ವರ್ಕ್ಸ್‌ಗಳಿವೆ. ಬೀಜ ಕೊಂಡು ಅಲ್ಲಿಗೆ ಹಾಕುವುದು. ಬೀಜ ಕೊಳ್ಳುವಾಗ ತೋಟದಿಂದ ನೇರವಾಗಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸಿಗುತ್ತದೆ, ಅಗ್ಗವೂ ಕಾಣುತ್ತದೆ. ಆದರೆ 50 ಕೆಜಿಯ ಒಣ ಚೆರಿ ಮೂಟೆಯನ್ನು ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಹಾಕಿದರೆ ಕೈಗೆ ಬರುವುದು 26–27 ಕೆಜಿ ಬೀಜ. ಅರೇಬಿಕಾ ಪಾರ್ಚ್‌ಮೆಂಟಾದರೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಪೊರೆ ಇನ್ನೂ ಇರುವ ಬೀಜ) 40 ಕೆಜಿಯ ಆಸುಪಾಸು. ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೀಜ ಸಿಗುತ್ತದೆ ಎಂದು ಕೇಳದೆ ಮೂಟೆಯ ದರ ಕೇಳಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ತಿಂಗಳಿಗೆ 40–50 ಕೆಜಿ ಮಾತ್ರ ಬೇಕಾಗುವ ಅಂಗಡಿಗೆ ಕ್ಯೂರಿಂಗ್ ಆಗಿ (ಸಿಪ್ಪೆ ಬಿಡಿಸಿ ಶುಚಿ ಮಾಡಿ) ಗ್ರೇಡ್ ಮಾಡಿದ ಬೀಜವೇ ಅನುಕೂಲ. ಬೀಜದ ತೇವ 10ರಿಂದ 12 ಶೇಕಡಾ ಒಳಗಿರಬೇಕು. ಕರಿಬೀಜ, ಚೂರು ಬೆರೆತ ಬಿಬಿಬಿ ಗ್ರೇಡಿನ ದರ ಆಸೆ ಹುಟ್ಟಿಸುತ್ತದೆ. ಅದನ್ನು ಬೆರೆಸಿದರೆ ಒಡೆದ ಚೂರುಗಳು ಬೇಗ ಸುಡುತ್ತವೆ, ಇಡೀ ಬೀಜ ಹದಕ್ಕೆ ಬರುವಷ್ಟರಲ್ಲಿ ಡ್ರಮ್ಮಿನಲ್ಲಿ ಹೊಗೆಯ ಕಹಿ ಹಿಡಿದಿರುತ್ತದೆ.

ಬ್ಲೆಂಡ್ ಎರಡೇ ಸಾಕು. ಅರೇಬಿಕಾ 70, ರೊಬಸ್ಟಾ ಪೀಬೆರಿ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಬೀಜ) 30 ಸೇರಿದ ಅಪ್ಪಟ ಪುಡಿ ಒಂದು. ಅದಕ್ಕೇ 20% ಚಿಕೋರಿ ಸೇರಿಸಿದ್ದು ಇನ್ನೊಂದು. ರೊಬಸ್ಟಾ ಸೇರದಿದ್ದರೆ ಹಾಲಿನ ಕಾಫಿಯಲ್ಲಿ ಗಟ್ಟಿತನ ಬರುವುದಿಲ್ಲ, ಬರೀ ಎಸ್.795 ಎಂಬ ಅರೇಬಿಕಾ ತಳಿಯನ್ನು ಹುರಿದು ಹಾಲಿಗೆ ಹಾಕಿದರೆ ಪರಿಮಳವಿದ್ದರೂ ಡಿಕಾಕ್ಷನ್ ಹಾಲಿನಲ್ಲಿ ಕಳೆದುಹೋಗುತ್ತದೆ. ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಲೇಬಲ್ಲಿನ ಮೇಲೆ ಹಾಕಲೇಬೇಕು.

ಕಾಫಿ ವರ್ಕ್ಸ್‌ನಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. 10 ಕೆಜಿ ಹಸಿರು (ಹುರಿಯದ) ಬೀಜ ಹಾಕಿದರೆ ಫಿಲ್ಟರ್ ಹದದ ಹುರಿತಕ್ಕೆ 8.2ರಿಂದ 8.4 ಕೆಜಿ ಹೊರಬರಬೇಕು. ಎಂಟಕ್ಕಿಂತ ಕೆಳಗಿಳಿದರೆ ತುಂಬ ಕಪ್ಪಾಗಿದೆ. ಎಂಟೂವರೆ ದಾಟಿದರೆ ಒಂದೋ ಹುರಿತ ಸಾಲದು, ಇಲ್ಲವೇ ತಣಿಸಲು ನೀರು ಹೆಚ್ಚು ಚಿಮುಕಿಸಿದ್ದಾರೆ. ನೀರು ಕುಡಿದ ಬೀಜ ತೂಕ ಕೊಡುತ್ತದೆ, ಬಾಳಿಕೆ ಕೊಡುವುದಿಲ್ಲ. ಇನ್ನು ಪುಡಿ ಮಾಡುವ ಮೆಷಿನ್ನಿನ ಹೊಟ್ಟೆಯಲ್ಲಿ ಹಿಂದಿನವರ ಪುಡಿ ಉಳಿದಿರುತ್ತದೆ. ಹಿಂದಿನವರದು ಚಿಕೋರಿ ಮಿಶ್ರಣವಾಗಿದ್ದರೆ ನಮ್ಮ ‘ಅಪ್ಪಟ’ ಅಪ್ಪಟವಾಗಿ ಉಳಿಯುವುದಿಲ್ಲ. ಆದ್ದರಿಂದ ಮೊದಲು ಬೀಳುವ ಅರ್ಧ ಕೆಜಿಯನ್ನು ಬೇರೆ ಇಟ್ಟು ಚಿಕೋರಿ ಬ್ಲೆಂಡಿಗೆ ಸೇರಿಸುವ ಕ್ರಮ ಮಾಡಿಕೊಂಡೆವು. ಪುಡಿ ಕೈಗೆ ಬಿಸಿಯಾಗಿ ಹತ್ತಿದರೆ ಪ್ಲೇಟುಗಳು ತೀರಾ ಬಿಗಿಯಾಗಿವೆ ಎಂದರ್ಥ. ಪರಿಮಳ ಅಲ್ಲೇ ಹಾರಿಹೋಗುತ್ತದೆ, ತೀರಾ ನುಣ್ಣಗಿರುವ ಪುಡಿ ಫಿಲ್ಟರಿನ ತೂತನ್ನೂ ಕಟ್ಟುತ್ತದೆ.

ಬಿಸಿ ಪುಡಿಯನ್ನು ತಕ್ಷಣ ಪ್ಯಾಕ್ ಮಾಡಿದರೆ ಪ್ಯಾಕೆಟ್ ಉಬ್ಬುತ್ತದೆ. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಳ ಸಡಿಲವಾಗಿಟ್ಟು ಒಂದು ರಾತ್ರಿ ಬಿಟ್ಟು ಮಾರನೇ ದಿನ ತುಂಬುವುದು ಸರಿ. ಬೀಜವನ್ನೇ ಮಾರುವುದಾದರೆ ಗಾಳಿ ಹೊರಬಿಡುವ ವಾಲ್ವ್ ಇರುವ ಪೌಚು ಬೇಕು. ಒಳಗೆ ಫಾಯಿಲ್ ಇರುವ ಮೂರು ಪದರದ ಪೌಚಿಗೆ ಹ್ಯಾಂಡ್ ಸೀಲರ್ ಸಾಕು. ಸೀಲ್ ಬಿಟ್ಟುಕೊಳ್ಳುವುದಕ್ಕೆ ಬಹಳ ಸಲ ಕಾರಣ ಮೆಷಿನ್ ಅಲ್ಲ, ಬಾಯಿಯ ಒಳಮೈಗೆ ಅಂಟಿದ ಪುಡಿಯ ಧೂಳು. ಅಗಲ ಬಾಯಿಯ ಫನೆಲ್ ಇಟ್ಟು ತುಂಬಿ, ಒಣ ಬಟ್ಟೆಯಿಂದ ಒಳಬಾಯಿ ಒರೆಸಿ, ಆಮೇಲೆ ಒತ್ತಬೇಕು.

ಈಗ ದರ. ಹಸಿರು ಬೀಜ ಕೆಜಿಗೆ 500, ಹುರಿದು ಪುಡಿ ಮಾಡುವ ಕೂಲಿ 40 ಎಂದು ಇಟ್ಟುಕೊಳ್ಳೋಣ. ನಿಮ್ಮ ದಿನದ ದರವನ್ನು ಇದೇ ಜಾಗದಲ್ಲಿ ಕೂರಿಸಿ. ಒಟ್ಟು 540. ಕೈಗೆ ಬರುವುದು 830 ಗ್ರಾಂ, ಹಾಗಾಗಿ ಪುಡಿ ಕೆಜಿಗೆ 650. ಮೆಷಿನ್ನಿನಲ್ಲಿ, ಡಬ್ಬಿಯಲ್ಲಿ ಶೇ. 1 ಚೆಲ್ಲಿ 657. ಕಾಲು ಕೆಜಿಗೆ 164, ಪೌಚು-ಲೇಬಲ್ಲಿಗೆ 12, ಒಟ್ಟು 176. ಎಂಆರ್‌ಪಿ 260 ಇಟ್ಟರೆ ಅದರಲ್ಲಿ 5% ಜಿಎಸ್‌ಟಿ ಹೋಗಿ 247 ರೂ. ಚಿಲ್ಲರೆ, ಉಳಿಯುವುದು 71. ಹೋಮ್‌ಸ್ಟೇಯಲ್ಲಿಟ್ಟು 15% ಕಮಿಷನ್ ಕೊಟ್ಟರೆ 39 ಅಲ್ಲಿಗೆ, 32 ನಮಗೆ. ಹುರಿತದ ತೂಕ ಇಳಿಕೆಯನ್ನು ಮರೆತು ಕೆಜಿಗೆ 540 ಎಂದೇ ಲೆಕ್ಕ ಹಾಕುವವರು ಕಾಲು ಕೆಜಿಗೆ 28–29 ರೂ. ತಪ್ಪುತ್ತಾರೆ. ಕಮಿಷನ್ ಕೊಟ್ಟ ಮೇಲೆ ಉಳಿಯುವ ಹಣವೂ ಹೆಚ್ಚುಕಡಿಮೆ ಅಷ್ಟೇ.

ಕಾಗದಪತ್ರದ ಕೆಲಸ ಬಹುಪಾಲು ಶುರುವಿನದ್ದು, ಆದರೆ ಬಿಡುವಂತಿಲ್ಲ. ಹೋಟೆಲ್ ಎಂದು ಮಾಡಿಸಿದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಪುಡಿ ಪ್ಯಾಕಿಂಗ್‌ಗೆ ಸಾಲದು, ಆ ಚಟುವಟಿಕೆಯನ್ನೂ ಸೇರಿಸಿಕೊಳ್ಳಬೇಕು. 14 ಅಂಕಿಯ ಸಂಖ್ಯೆ, ಹಸಿರು ಚುಕ್ಕೆ, ನಿವ್ವಳ ತೂಕ, ಪ್ಯಾಕ್ ಮಾಡಿದ ದಿನ, ಬ್ಯಾಚ್, ಎಂಆರ್‌ಪಿ, ಪ್ರತಿ ಗ್ರಾಂ ದರ, ವಿಳಾಸ, ದೂರು ಹೇಳಲು ಫೋನ್ ನಂಬರ್ ಇವೆಲ್ಲ ಲೇಬಲ್ಲಿನಲ್ಲಿ ಇರಬೇಕು. ಪ್ಯಾಕ್ ಮಾಡುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಾಯಿಸಬೇಕು, ತಕ್ಕಡಿಗೆ ಮುದ್ರೆ ಹಾಕಿಸಬೇಕು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಮಾರುವಂತಿಲ್ಲ.

ತೆರಿಗೆಯ ಮಾತು ಬಂದಿದ್ದರಿಂದ ಒಂದು ವಿಷಯ. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಕಾಫಿ ಮಾಡಿಕೊಡುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. 20 ಲಕ್ಷವೆಂದರೆ ದಿನಕ್ಕೆ ಸುಮಾರು 5,500 ರೂ.; ದಿನಕ್ಕೆ 250 ಲೋಟ ಹೋಗುವ ಅಂಗಡಿ ಆಗಲೇ ಅಂಚಿನಲ್ಲಿದೆ. ಅದರ ಮೇಲೆ ಪುಡಿ ಮಾರಿದರೆ ಗಡಿ ದಾಟುವುದು ಖಂಡಿತ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದದ್ದು ಎಲ್ಲರಿಗೂ ನೆನಪಿದೆ. ಪುಡಿಗೆ, ಲೋಟದ ಕಾಫಿಗೆ, ಹೊರಗಿನ ಆರ್ಡರಿಗೆ ಬೇರೆ ಬೇರೆ ಬಿಲ್ ಪುಸ್ತಕ ಇಟ್ಟು, ಶುರುವಿನಲ್ಲೇ ಅಕೌಂಟೆಂಟರ ಹತ್ತಿರ ಕೂತು ಮಾತಾಡಿದರೆ ಆಮೇಲಿನ ರಗಳೆ ಇಲ್ಲ.

ಪುಡಿಯ ನಂತರ ಕೈಹಿಡಿದದ್ದು ಹೊರಗಿನ ಆರ್ಡರ್: ಬೆಳೆಗಾರರ ಸಭೆ, ಬ್ಯಾಂಕು, ಗೃಹಪ್ರವೇಶ, ನಾಮಕರಣ, ಸಣ್ಣ ಮದುವೆ. ನೂರು ಲೋಟದ ಅಳತೆ ಇದು: ಪುಡಿ 500 ಗ್ರಾಂ, ಕುದಿಯುವ ನೀರು 3 ಲೀಟರ್, ಸಿಗುವ ಡಿಕಾಕ್ಷನ್ 2 ಲೀಟರ್. ಉಳಿದ ಒಂದು ಲೀಟರನ್ನು ಪುಡಿ ಕುಡಿದುಬಿಡುತ್ತದೆ, ಒತ್ತಿ ಹಿಂಡಲು ಹೋಗಬಾರದು, ಕಹಿ ಇಳಿಯುತ್ತದೆ. ಹಾಲು 7 ಲೀಟರ್, ಸಕ್ಕರೆ 700ರಿಂದ 800 ಗ್ರಾಂ. ಅರ್ಧ ಕೆಜಿ ಪುಡಿಯನ್ನು ಒಂದೇ ಫಿಲ್ಟರಿಗೆ ತುಂಬಿದರೆ ಪದರ ದಪ್ಪವಾಗಿ ನೀರು ಮೇಲೇ ನಿಲ್ಲುತ್ತದೆ. ಎರಡು ಫಿಲ್ಟರ್ ಇಟ್ಟು, ನೀರನ್ನು ಮೂರು ಸಲ ಬಿಟ್ಟು ಬಿಟ್ಟು ಹಾಕುವುದು ಒಳ್ಳೆಯದು.

ಕಾಫಿ ಬೆರೆಸಿ ಫ್ಲಾಸ್ಕಿಗೆ ತುಂಬಿ ಒಯ್ಯಬಾರದು. ಬೆರೆಸಿದ ಕಾಫಿ ಬಿಸಿಯಲ್ಲೇ ಒಂದು ಗಂಟೆ ಕೂತರೆ ಕೆನೆ ಕಟ್ಟಿ, ಬೆಂದ ಹಾಲಿನ ರುಚಿ ಬಂದು, ಬಣ್ಣವೂ ಮಂಕಾಗುತ್ತದೆ. ಡಿಕಾಕ್ಷನ್ ಒಂದು ಡಬ್ಬಿ, ಕಾಯಿಸಿದ ಹಾಲು ಇನ್ನೊಂದು ಇನ್ಸುಲೇಟೆಡ್ ಡಬ್ಬಿ. ಅಲ್ಲಿ ಹೋಗಿ ಹತ್ತು-ಹತ್ತು ಲೋಟಕ್ಕೆ ಬೆರೆಸುವುದು. ಹಾಲು 60 ಡಿಗ್ರಿಗಿಂತ ಕೆಳಗೆ ಇಳಿದರೆ ಕೆಡುವ ಭಯ ಶುರು, ಆಗ ಮತ್ತೆ ಕುದಿಸಲೇಬೇಕು. ಅದಕ್ಕೊಂದು ಸಣ್ಣ ಒಲೆ ಜೊತೆಗಿರಲಿ. ಹಾಲಿನ ಡಬ್ಬಿಯನ್ನು ಹಿಂದಿನ ದಿನ ಸೋಪಿನಿಂದ ತೊಳೆದು ಮುಚ್ಚಿಟ್ಟರೆ ಸಾಲದು. ಮುಚ್ಚಳದ ರಬ್ಬರ್ ಬಿಚ್ಚಿ, ಬಿಸಿನೀರು ಹಾಯಿಸಿ, ಕವುಚಿ ಒಣಗಿಸಬೇಕು. ಹಾಲು ಒಡೆಯುವುದು ಬಹುಪಾಲು ಆ ರಬ್ಬರಿನ ಸಂದಿಯಿಂದಲೇ.

ಆರ್ಡರ್ ತೆಗೆದುಕೊಳ್ಳುವಾಗ ಅರ್ಧ ಮುಂಗಡ, ನೀರು ಯಾರದು, ಲೋಟ ತೊಳೆಯುವವರು ಯಾರು ಎಂಬ ಮೂರೂ ತೀರ್ಮಾನವಾಗಿರಬೇಕು. ಕೊನೆಯದು ಮಾತಾಡದೇ ಉಳಿದರೆ ನೂರು ಸ್ಟೀಲ್ ಲೋಟ ಎಂಜಲಾಗಿ ಮೂಟೆಯಲ್ಲಿ ವಾಪಸ್ ಬರುತ್ತವೆ, ಸಂಜೆಯ ರಶ್ಶಿಗೆ ಸರಿಯಾಗಿ. ಬೆಳಗಿನ ಏಳು ಗಂಟೆಯ ಆರ್ಡರ್ ಎಷ್ಟೇ ದುಡ್ಡಿನದಾದರೂ ಬೇಡ ಎನ್ನುತ್ತೇವೆ. ಅಂಗಡಿಯ ಗಿರಾಕಿಯನ್ನು ಕಾಯಿಸಿ ಹೊರಗೆ ಕಾಫಿ ಒಯ್ಯುವುದು ಲಾಭವಲ್ಲ. ಮದುವೆಗಳನ್ನೇ ನಂಬಿ ಕೂರುವಂತೆಯೂ ಇಲ್ಲ, ಆಷಾಢ ಮತ್ತು ಧನುರ್ಮಾಸ ಎರಡೂ ಖಾಲಿ. ಬ್ಯಾಂಕು, ಕಚೇರಿಗಳ ಹನ್ನೊಂದು ಗಂಟೆಯ ಕಾಯಂ ಆರ್ಡರ್ ಇಪ್ಪತ್ತೇ ಲೋಟದ್ದಾದರೂ ತಿಂಗಳ ಕೊನೆಗೆ ಅದೇ ದೊಡ್ಡದು.

ಡಿಕಾಕ್ಷನ್ ಬಾಟಲಿ ಮಾರುವುದು ಸುಲಭವೆಂದು ಕಾಣುವ, ಆದರೆ ಜೋಪಾನ ಬೇಡುವ ವ್ಯಾಪಾರ. 200 ಮಿಲಿ ಬಾಟಲಿ ಎಂದರೆ ಹತ್ತು ಲೋಟ ಕಾಫಿ, ಪುಡಿ ಹಿಡಿಯುವುದು 50 ಗ್ರಾಂ. ಹೋಮ್‌ಸ್ಟೇಗಳಿಗೆ ಇದು ತುಂಬ ಇಷ್ಟ. ಹತ್ತು ಜನ ಅತಿಥಿಗಳು ಒಟ್ಟಿಗೆ ಎದ್ದು ಕಾಫಿ ಕೇಳಿದಾಗ ಫಿಲ್ಟರ್ ಇಳಿಯುವುದನ್ನು ಕಾಯುವಂತಿಲ್ಲ. ತೊಂದರೆ ಏನೆಂದರೆ ಕಾಫಿಯ ಹುಳಿ ಕಡಿಮೆ, ಪಿಎಚ್ ಐದರ ಆಸುಪಾಸು. ಉಪ್ಪಿನಕಾಯಿಗೋ ಹಣ್ಣಿನ ಶರಬತ್ತಿಗೋ ಇರುವ ರಕ್ಷಣೆ ಇದಕ್ಕಿಲ್ಲ. ಗಾಳಿಯಾಡದಂತೆ ಮುಚ್ಚಿ ಹೊರಗೆ ದಿನಗಟ್ಟಲೆ ಇಟ್ಟರೆ ಕಣ್ಣಿಗೂ ಮೂಗಿಗೂ ಗೊತ್ತಾಗದೆ ವಿಷ ಬಿಡುವ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಇದೆ. ಆದ್ದರಿಂದ ಇಳಿಸಿದ ಕೂಡಲೇ ನೀರಿನ ತೊಟ್ಟಿಯಲ್ಲಿ ತಣಿಸಿ, ಫ್ರಿಜ್ಜಿಗೆ ಹಾಕಿ, ಎರಡು ದಿನದೊಳಗೆ ಮುಗಿಸಿ ಎಂದು ಬಾಟಲಿಯ ಮೇಲೇ ಬರೆದು ಕೊಡುತ್ತೇವೆ. ಹೊರಗಿಟ್ಟು ಮಾರುವ ಅಂಗಡಿಗೆ, ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ ಎನ್ನುವವರಿಗೆ ಕೊಡುವುದಿಲ್ಲ. ಕೋಲ್ಡ್ ಬ್ರೂ ಕೂಡ ಇದೇ ಜಾತಿ: ತರಿತರಿ ಪುಡಿ 100 ಗ್ರಾಂ, ತಣ್ಣೀರು 800 ಮಿಲಿ, ಫ್ರಿಜ್ಜಿನಲ್ಲಿ 12ರಿಂದ 16 ಗಂಟೆ, ಸೋಸಿದರೆ 600 ಮಿಲಿ ಚಿಲ್ಲರೆ. ಮಾರ್ಚಿಂದ ಮೇವರೆಗೆ ಪ್ರವಾಸಿಗರು ಕೇಳುತ್ತಾರೆ. ಮಳೆ ಹಿಡಿದ ಮೇಲೆ ಈ ಊರಿನಲ್ಲಿ ತಣ್ಣನೆಯ ಕಾಫಿ ಕುಡಿಯುವವರು ಯಾರು?

ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ಇಟ್ಟುಕೊಂಡದ್ದು ರುಚಿ ನೋಡುವ ಕೂಟ. ಆರು ಜನ, ಒಂದು ಗಂಟೆ. ಎಸ್.795, ತೊಳೆದ ರೊಬಸ್ಟಾ, ನಮ್ಮ ಬ್ಲೆಂಡ್ ಮೂರನ್ನೂ ಒಂದೇ ಅಳತೆಯಲ್ಲಿ ಗಾಜಿನ ಲೋಟಕ್ಕೆ ಹಾಕುವುದು: 11 ಗ್ರಾಂ ಪುಡಿ, 200 ಮಿಲಿ ನೀರು. ಕುದಿ ಇಳಿದ ನೀರು, 93 ಡಿಗ್ರಿಯ ಸುಮಾರಿಗೆ. ನಾಲ್ಕು ನಿಮಿಷ ಬಿಟ್ಟು ಮೇಲಿನ ಪದರ ಒಡೆದು ಮೂಸಿ, ಕೆನೆ ತೆಗೆದು, ಚಮಚದಲ್ಲಿ ಸೊರ್ ಎಂದು ಎಳೆದು ನೋಡುವುದು. ಕೊನೆಗೆ ಚಿಕೋರಿ ಇಲ್ಲದ ಹಾಗೂ 20% ಇರುವ ಹಾಲಿನ ಕಾಫಿಯನ್ನು ಪಕ್ಕಪಕ್ಕ ಕೊಟ್ಟರೆ ಬಂದವರಲ್ಲೇ ವಾದ ಶುರುವಾಗುತ್ತದೆ. ಬಾಬಾ ಬುಡನ್ ಯೆಮನ್‌ನ ಮೋಕಾದಿಂದ ಏಳು ಬೀಜ ತಂದ ಕತೆಯನ್ನು ಎಲ್ಲ ಗೈಡುಗಳೂ ಹೇಳಿರುತ್ತಾರೆ. ಅದರ ಬದಲು ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದ ತಳಿಗಳ ಬಗ್ಗೆ, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಬೇರೆ ಬೇರೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದದ್ದರ ಬಗ್ಗೆ ಹೇಳಿದರೆ ಕಿವಿಗೊಡುತ್ತಾರೆ. ಪುಡಿಯ ಖರ್ಚು ತೀರಾ ಸಣ್ಣದು, ಹೊರಡುವಾಗ ಪ್ಯಾಕೆಟ್ ಒಯ್ಯುವವರೂ ಹೆಚ್ಚು. ಹಣವನ್ನು ಬುಕಿಂಗ್ ಹೊತ್ತಿಗೇ ಪಡೆಯಬೇಕು. ವಾರಾಂತ್ಯದಲ್ಲಿ ಗಿರಿಯ ರಸ್ತೆ ಜಾಮಾದರೆ ಎರಡು ಗಂಟೆಯ ಗುಂಪು ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಆಗ ಕೂರಿಸಲು ಜಾಗವಿರುವುದಿಲ್ಲ, ಅದನ್ನೂ ಮೊದಲೇ ಹೇಳಿರಬೇಕು.

ಗಲ್ಲಾದ ಪಕ್ಕದ ಕಪಾಟನ್ನು ಕಮಿಷನ್ ಸರಕಿಗೆ ಬಿಟ್ಟೆವು: ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಹಲಸಿನ ಹಪ್ಪಳ, ಅಪ್ಪೆಮಿಡಿ. ಮಾರಿದ್ದಕ್ಕೆ ಮಾತ್ರ ದುಡ್ಡು, ಉಳಿದದ್ದು ವಾಪಸ್. ತಯಾರಿಸಿದವರ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದ ಜೇನು ಎಷ್ಟು ಚೆನ್ನಾಗಿದ್ದರೂ ಇಡುವುದಿಲ್ಲ, ತಪಾಸಣೆಗೆ ಬಂದಾಗ ಉತ್ತರ ಹೇಳಬೇಕಾದವರು ಅಂಗಡಿಯವರು. ಏಲಕ್ಕಿಯನ್ನು ಪುಡಿಯ ಪ್ಯಾಕೆಟ್ಟಿನಿಂದ ದೂರ ಇಡಿ, ಕಾರಣ ಮೇಲೇ ಹೇಳಿದೆ. ಮಗ್ಗು, ಟೀಶರ್ಟು ಹೋಗಲಿಲ್ಲ.

ಹೋಮ್‌ಸ್ಟೇಗಳಿಗೆ ಪುಡಿ ಕೊಡುವುದರಲ್ಲಿ ಕಷ್ಟ ಬರುವುದು ಸಾಲದಿಂದಲ್ಲ, ಹಳೆ ಸರಕಿನಿಂದ. ಜೂನ್‌ನಲ್ಲಿಟ್ಟ ಪ್ಯಾಕೆಟ್ ಆಗಸ್ಟಿನಲ್ಲಿ ಅತಿಥಿಯ ಕೈ ಸೇರಿದರೆ ಬೈಸಿಕೊಳ್ಳುವುದು ಪ್ಯಾಕೆಟ್ ಮೇಲಿರುವ ಹೆಸರು. ಹದಿನೈದು ದಿನಕ್ಕೊಮ್ಮೆ ನಾವೇ ಹೋಗಿ ಹಳೆಯದನ್ನು ಮುಂದೆ ಎಳೆದು, ಆರು ವಾರ ದಾಟಿದ್ದನ್ನು ವಾಪಸ್ ತಂದು, ಅಂಗಡಿಯ ಫಿಲ್ಟರಿಗೆ ಹೊಸ ಪುಡಿಯ ಜೊತೆ ಬೆರೆಸಿ ಮುಗಿಸುತ್ತೇವೆ. ಮಳೆಗಾಲದಲ್ಲಿ ಚಿಕೋರಿ ಬ್ಲೆಂಡಿನ ಕಾಟ ಇನ್ನೂ ಹೆಚ್ಚು. ಚಿಕೋರಿ ಗಾಳಿಯ ತೇವವನ್ನು ಎಳೆದು ಗಡ್ಡೆ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬ್ಲೆಂಡನ್ನು ಕಾಲು ಕೆಜಿಗಿಂತ ದೊಡ್ಡ ಪ್ಯಾಕೆಟ್ಟಿನಲ್ಲಿ ಹಾಕುವುದಿಲ್ಲ, ವಾರಕ್ಕೆ ಬೇಕಾದಷ್ಟನ್ನೇ ಬೆರೆಸುತ್ತೇವೆ. ಮಳೆ ಬಿಡದೆ ಸುರಿಯುವ ದಿನ ಡಬ್ಬಿಯ ಮುಚ್ಚಳವನ್ನೇ ತೆಗೆಯುವುದಿಲ್ಲ.

ಫಿಲ್ಟರಿನ ಚರಟವನ್ನೂ ಮಾರಬಹುದೇ ಎಂದು ಕೇಳುವವರಿದ್ದಾರೆ. ಒದ್ದೆ ಚರಟ ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಹಸಿಯಾಗಿಯೇ ಗಿಡಕ್ಕೆ ಹಾಕಿದರೆ ಎಳೆ ಸಸಿ ಸೊರಗುತ್ತದೆ. ಸಗಣಿ, ಒಣ ಎಲೆ ಸೇರಿಸಿ ಗೊಬ್ಬರವಾಗುವ ತನಕ ಕಾಯಬೇಕು. ಅಷ್ಟು ಜಾಗ ಪೇಟೆಯ ಅಂಗಡಿಗೆ ಎಲ್ಲಿಂದ? ಹತ್ತಿರದ ನರ್ಸರಿಯವರು ದಿನಾ ಬಕೆಟ್ ಬದಲಿಸಿ ಒಯ್ಯುತ್ತಾರೆ, ದುಡ್ಡು ಕೇಳುವುದಿಲ್ಲ.